ವ್ಯಾಟ್ ಎಣಿಸುವ ಮೊದಲು ಹಾಡುವವರ ಕಿವಿ ನೋಡಿ

ಮಾನ್ಯರೆ,

ಗಣೇಶನ ಹಬ್ಬ ಹತ್ತಿರ ಬಂತು ಅಂದರೆ ನಿಮ್ಮ ಓದುಗರ ಅಂಕಣದಲ್ಲಿ ಸೌಂಡ್ ಬಗ್ಗೆ ಬೈಗುಳದ ಪತ್ರಗಳು ಶುರುವಾಗುತ್ತವೆ. ಬರೆಯುವವರದ್ದು ತಪ್ಪಲ್ಲ, ಅವರು ಸ್ಪೀಕರ್ ಬಾಕ್ಸ್ ಮುಂದಿನ ಮನೆಯವರು. ನಾನು ಬಾಕ್ಸ್ ಹಿಂದೆ ನಿಲ್ಲುವವನು. ಗುಬ್ಬಿ ಕಡೆಯ ಸಣ್ಣ ಆರ್ಕೆಸ್ಟ್ರಾ ಒಂದರಲ್ಲಿ ಇಪ್ಪತ್ತು ವರ್ಷದಿಂದ ಕೀಬೋರ್ಡ್ ನುಡಿಸುತ್ತಿದ್ದೇನೆ. ಜಾತ್ರೆ, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಕರೆದ ಕಡೆಗೆಲ್ಲ ಹೋಗುತ್ತೇವೆ.

ಹೋದ ವಾರ ಕೊರಟಗೆರೆ ಕಡೆಯ ನಾಲ್ಕು ಹುಡುಗರು ಮನೆಗೆ ಬಂದಿದ್ದರು. ಹೊಸ ಟೀಮ್ ಕಟ್ಟಿದ್ದಾರೆ. ಕೂತು ಟೀ ಕುಡಿಯುವ ಮೊದಲೇ ಒಂದೇ ಪ್ರಶ್ನೆ: "ಅಣ್ಣಾ, ಎಷ್ಟು ವ್ಯಾಟ್ ತಗೊಳ್ಳೋಣ?" ಹಾಡುವವರು ಎಷ್ಟು ಜನ ಅಂತ ಕೇಳಿದೆ. ಅದನ್ನು ಇನ್ನೂ ಯೋಚನೆ ಮಾಡಿಲ್ಲ ಅಂದರು! ನಗು ಬಂತು, ಯಾಕೆಂದರೆ ನಾವೂ ಹಾಗೇ ಶುರು ಮಾಡಿದವರು.

ನಮ್ಮ ಟೀಮ್ ಶುರುವಾದಾಗ ಮೂರು ಜನ ಚೀಟಿ ಎತ್ತಿ, ಹಿಂದೆ ದಪ್ಪ ಅಕ್ಷರದಲ್ಲಿ 1500 ವ್ಯಾಟ್ ಅಂತ ಬರೆದಿದ್ದ ಎರಡು ಬಾಕ್ಸ್ ತಂದೆವು. ದುಡ್ಡೆಲ್ಲ ಅದಕ್ಕೇ ಹೋಯಿತು. ಹಾಡುವವರಿಗೆ ತಮ್ಮ ಧ್ವನಿ ಕೇಳಿಸುವ ಸಣ್ಣ ಬಾಕ್ಸ್, ಅಂದರೆ ಮಾನಿಟರ್, ಇಲ್ಲ; ಮೈಕ್ ಕೈಗೆ ಸಿಕ್ಕಿದ್ದು ಯಾವುದೋ. ಮೊದಲ ಜಾತ್ರೆಯಲ್ಲಿ ಎರಡನೇ ಹಾಡಿಗೇ ನಮ್ಮ ಗಾಯಕಿ ನನ್ನ ಪಕ್ಕ ಬಂದು "ಅಣ್ಣಾ, ನನ್ನ ವಾಯ್ಸ್ ನನಗೇ ಕೇಳಿಸ್ತಿಲ್ಲ" ಅಂದಳು. ಕೇಳಿಸಲಿಲ್ಲ ಅಂತ ಜಾಸ್ತಿ ಕೂಗಿ ಹಾಡಿದಳು, ಕೂಗಿದರೆ ಶ್ರುತಿ ಮೇಲೆ ಹೋಗುತ್ತದೆ, ಅಷ್ಟರಲ್ಲಿ ಕಮಿಟಿಯ ಯಜಮಾನರು ಮುಂದಿನಿಂದ "ಏನಪ್ಪಾ, ನಿಮ್ಮ ಬಾಕ್ಸ್ ಉಸಿರೇ ಬಿಡ್ತಿಲ್ವಲ್ಲ" ಅಂದರು, ನಾವು ವಾಲ್ಯೂಮ್ ಏರಿಸಿದೆವು, ಬಾಕ್ಸಿನ ಸೌಂಡ್ ಮತ್ತೆ ಮೈಕಿಗೇ ಹೋಗಿ ಕುಂಯ್ ಅಂತ ಕೂಗಿಕೊಂಡಿತು. ಆಂಪ್ಲಿಫೈಯರ್‌ನ ಮಿತಿ ಮೀರಿತು ಅನ್ನುವ ಕೆಂಪು ದೀಪ ಆರಲೇ ಇಲ್ಲ. ರಾತ್ರಿ ಮುಗಿಯುವಷ್ಟರಲ್ಲಿ ಒಂದು ಬಾಕ್ಸ್‌ನ ಟ್ವೀಟರ್, ಅಂದರೆ ಕೀರಲು ಸ್ವರದ ಸಣ್ಣ ಸ್ಪೀಕರ್, ಸುಟ್ಟಿತ್ತು, ಗಾಯಕಿಯ ಗಂಟಲೂ ಹೋಗಿತ್ತು. ಟ್ವೀಟರ್ ಹೊಸದು ಹಾಕಿಸಿದೆವು. ಅವಳು ಮುಂದಿನ ಎರಡು ಪ್ರೋಗ್ರಾಂಗೆ ಬರಲಿಲ್ಲ.

ಆ ವ್ಯಾಟ್ ವಿಷಯ ಸ್ವಲ್ಪ ಹೇಳುತ್ತೇನೆ. ದಪ್ಪ ಅಕ್ಷರದಲ್ಲಿ ಬರೆದಿರುವುದು ಬಹುತೇಕ ಪೀಕ್ ಲೆಕ್ಕ, ಕ್ಷಣಮಾತ್ರ ತಡೆದುಕೊಳ್ಳುವುದು. ಸತತವಾಗಿ ಎಷ್ಟು ಅನ್ನುವುದು ಒಳಗಿನ ಪುಸ್ತಕದಲ್ಲಿ ಆರ್‌ಎಂಎಸ್ ಅಥವಾ ಕಂಟಿನ್ಯುಯಸ್ ಅಂತ ಸಣ್ಣದಾಗಿ ಇರುತ್ತದೆ, ಅರ್ಧವೋ ಕಾಲುಭಾಗವೋ ಅಷ್ಟೇ. ಇನ್ನು ವ್ಯಾಟ್ ಎರಡರಷ್ಟಾದರೆ ಸೌಂಡ್ ಎರಡರಷ್ಟು ಆಗುವುದಿಲ್ಲ. ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ ವ್ಯಾಟ್ ಹತ್ತರಷ್ಟು ಬೇಕು. ಹಾಗಾಗಿ ನೋಡಬೇಕಾದ್ದು ಸೆನ್ಸಿಟಿವಿಟಿ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಕೇಳುತ್ತದೆ ಅನ್ನುವ ಅಂಕಿ ಅದು. 97 ಇರುವ ಬಾಕ್ಸ್‌ಗೆ 1000 ವ್ಯಾಟ್ ಸುರಿದರೆ ಬರುವ ಸೌಂಡು, 100 ಇರುವ ಬಾಕ್ಸ್‌ನಲ್ಲಿ 500ಕ್ಕೇ ಬರುತ್ತದೆ. ಅಂಗಡಿಯಲ್ಲಿ ಇದನ್ನು ಕೇಳಿ ನೋಡಿ, ಎಷ್ಟು ಜನ ಉತ್ತರ ಕೊಡುತ್ತಾರೆ ಅಂತ.

ಬಯಲಲ್ಲಿ ಇನ್ನೊಂದು ಲೆಕ್ಕ ಇದೆ. ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಬಾಕ್ಸ್ ನೆಲದ ಮೇಲೆ ಇಟ್ಟರೆ ಮುಂದೆ ಚಾಪೆ ಮೇಲೆ ಕೂತ ಮಕ್ಕಳು 4 ಮೀಟರ್‌ನಲ್ಲಿ, ಹಿಂದೆ ಕಳ್ಳೇಕಾಯಿ ತಿನ್ನುತ್ತಾ ನಿಂತವರು 32 ಮೀಟರ್‌ನಲ್ಲಿ. ಇಬ್ಬರಿಗೂ ನಡುವೆ 18 ಡೆಸಿಬಲ್ ವ್ಯತ್ಯಾಸ. ಹಿಂದಿನವರಿಗೆ ಕೇಳಲಿ ಅಂತ ಏರಿಸಿದರೆ ಮಕ್ಕಳ ಕಿವಿ ಕೆಡುತ್ತದೆ. ಬಾಕ್ಸನ್ನು ಸ್ಟ್ಯಾಂಡ್ ಮೇಲೆ ತಲೆಗಿಂತ ಮೇಲಕ್ಕೆ ಏರಿಸಿ, ಸ್ವಲ್ಪ ಹಿಂದಿನ ಸಾಲಿನ ಕಡೆ ಮುಖ ಮಾಡಿ. ಎರಡು ಒಳ್ಳೆಯ ಸ್ಟ್ಯಾಂಡ್‌ನಿಂದ ಆಗುವ ಕೆಲಸಕ್ಕೆ ಇನ್ನೆರಡು ಬಾಕ್ಸ್ ಯಾಕೆ ಅಲ್ವಾ?

ಅದಕ್ಕೇ ಹುಡುಗರಿಗೆ ಹೇಳಿದ್ದು ಇಷ್ಟು: ದೊಡ್ಡ ಬಾಕ್ಸ್ ಕೊಳ್ಳಲೇಬೇಡಿ, ಬಾಡಿಗೆಗೆ ತನ್ನಿ. ಇನ್ನೂರು ಜನದ ಮದುವೆಗೂ ಐದು ಸಾವಿರ ಜನದ ಜಾತ್ರೆಗೂ ಒಂದೇ ಸೆಟ್ ಆಗುವುದಿಲ್ಲ. ಟಾಟಾ ಏಸ್ ಬಾಡಿಗೆ, ಎತ್ತುವ ಕೂಲಿ, ಇಡಲು ಜಾಗ, ಎಲ್ಲ ತಲೆನೋವು. ತುಮಕೂರಲ್ಲಿ ಬಾಕ್ಸ್ ಬಾಡಿಗೆಗೆ ಕೊಡುವವರಿಗೇನು ಬರವಿಲ್ಲ. ಸ್ವಂತಕ್ಕೆ ಮೈಕ್, ಮಾನಿಟರ್, ಎಲ್ಲ ಮೈಕಿನ ಸೌಂಡ್ ಸೇರಿಸುವ ಸಣ್ಣ ಮಿಕ್ಸರ್, ಕೇಬಲ್ ಇರಲಿ. ಹಾಡುವವರ ಬಾಯಿ, ಕಿವಿಗೆ ಹತ್ತಿರ ಇರುವುದು ಇವೇ.

ಮೈಕ್ ಅಂದರೆ ಎಲ್ಲರ ಬಾಯಲ್ಲೂ ಶೂರ್ ಎಸ್‌ಎಂ58. 1966ರಿಂದ ಬರುತ್ತಿರುವ ಮೈಕ್ ಅದು, ಕೆಳಗೆ ಬಿದ್ದರೂ ಹಾಡುತ್ತದೆ. ಡೈನಾಮಿಕ್ ಮೈಕ್ ಆದ್ದರಿಂದ ಅದಕ್ಕೆ ಕೆಲವು ಮೈಕಿಗೆ ಮಿಕ್ಸರ್ ಕಡೆಯಿಂದ ಕೊಡಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಬೇಡ. ಆದರೆ ನಕಲಿ ಬಹಳ. ಅಸಲಿ ಮೈಕ್ 298 ಗ್ರಾಂ ತೂಗುತ್ತದೆ ಅಂತ ಕಂಪನಿಯೇ ಹೇಳುತ್ತದೆ, ಸಂಶಯ ಬಂದರೆ ಕಿರಾಣಿ ಅಂಗಡಿಯಲ್ಲಿ ತೂಗಿಸಿ. ತೂಕ ಸರಿ ಬಂತು ಅಂತ ಅಸಲಿಯೇ ಆಗಬೇಕಿಲ್ಲ, ಆದರೆ ಕಮ್ಮಿ ಬಂದರೆ ಖಂಡಿತ ಕೈಬಿಡಿ. ಕಾಲು ಬೆಲೆಗೆ ಕೊಡುತ್ತೇನೆ ಅಂದವನ ಹತ್ತಿರ ತೂಗಿಸುವ ಕಷ್ಟವೂ ಬೇಡ.

ಒಳ್ಳೆಯ ಮೈಕ್ ತಂದ ಮೇಲೂ ಅದನ್ನು ಹಿಡಿಯುವ ರೀತಿಯಿಂದ ಹಾಳು ಮಾಡುವವರೇ ಜಾಸ್ತಿ. ಎಸ್‌ಎಂ58 ಕಾರ್ಡಿಯಾಯ್ಡ್ ಮೈಕ್. ಮುಂದಿನಿಂದ ಬಂದದ್ದನ್ನು ಎಳೆದುಕೊಳ್ಳುತ್ತದೆ, ನೇರ ಹಿಂದಿನಿಂದ ಬಂದದ್ದನ್ನು ಆದಷ್ಟು ಬಿಡುತ್ತದೆ. ಹಾಗಾಗಿ ಮಾನಿಟರ್ ಇಡಬೇಕಾದ್ದು ಮೈಕಿನ ಬಾಲದ ಕಡೆ, ಹಾಡುವವರ ಎದುರಿಗೆ ನೆಲದಲ್ಲಿ. ಬೀಟಾ 58ಎ ತರಹದ ಸೂಪರ್ ಕಾರ್ಡಿಯಾಯ್ಡ್ ಆದರೆ ನೇರ ಹಿಂದೆ ಬೇಡ, ಹಿಂಬದಿಯ ಎಡಕ್ಕೋ ಬಲಕ್ಕೋ ಸರಿಸಿ. ಈ ಲೆಕ್ಕವೆಲ್ಲ ಯಾವಾಗ ಕೆಡುತ್ತದೆ ಅಂದರೆ, ನಮ್ಮ ಹುಡುಗರು ಸ್ಟೈಲಿಗೆ ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿದಾಗ. ಮುಚ್ಚಿದರೆ ಅದು ಎಲ್ಲ ದಿಕ್ಕಿನಿಂದಲೂ ಎಳೆದುಕೊಳ್ಳುವ ಮೈಕ್ ಆಗುತ್ತದೆ, ಕುಂಯ್ ಅನ್ನುತ್ತದೆ. ಬೈಸಿಕೊಳ್ಳುವುದು ಸೌಂಡ್ ಆಪರೇಟರ್.

ತೆರೆದಿಟ್ಟ ಮೈಕ್ ಎಷ್ಟು ಅನ್ನುವುದೂ ಮುಖ್ಯ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಊರು ನಮ್ಮದು. ಆ ಕಾಲದ ನಟರು ಮೈಕ್ ಇಲ್ಲದೆ ಕೊನೆ ಸಾಲಿಗೆ ಮುಟ್ಟುವ ಹಾಗೆ ಹಾಡಿದವರು. ಈಗ ನಮ್ಮ ಹಳ್ಳಿಯ ಪೌರಾಣಿಕ ನಾಟಕದಲ್ಲಿ ಹಗ್ಗಕ್ಕೆ ಆರೆಂಟು ಮೈಕ್ ನೇತುಹಾಕಿ ಎಲ್ಲವನ್ನೂ ಬೆಳಗಿನವರೆಗೆ ತೆರೆದೇ ಇಡುತ್ತಾರೆ. ತೆರೆದ ಮೈಕ್ ಎರಡರಷ್ಟಾದಾಗಲೆಲ್ಲ, ಕೂಗಿಕೊಳ್ಳದೆ ಸಿಗುವ ಸೌಂಡ್ 3 ಡೆಸಿಬಲ್ ಕಮ್ಮಿಯಾಗುತ್ತದೆ. ಅರ್ಜುನ ಮಾತಾಡುವಾಗ ದುರ್ಯೋಧನನ ಮೈಕ್ ಇಳಿಸಿ ಸ್ವಾಮಿ. ಹಾರ್ಮೋನಿಯಂ ಮೇಷ್ಟ್ರಿಗೆ ಬೇಕಾದರೆ ಒಂದು ಬೇರೆ ಕೊಡಿ.

ಮಿಕ್ಸರ್‌ನಲ್ಲಿ ಹೆಸರಿನ ಅಂಕಿ ನಂಬಬೇಡಿ. ಯಮಹಾ ಎಂಜಿ12ಎಕ್ಸ್‌ಯು ಅಂದರೆ ಹನ್ನೆರಡು ಮೈಕ್ ಅಂತ ನಾನೂ ಅಂದುಕೊಂಡಿದ್ದೆ. ಅದಕ್ಕೆ ಹಾಕಬಹುದಾದ ಮೈಕ್ ಆರು, ಎಂಜಿ16ಎಕ್ಸ್‌ಯುಗೆ ಹತ್ತು. ನಾಲ್ಕು ಜನ ಹಾಡುವವರು, ಕೀಬೋರ್ಡ್‌ಗೆ ಎರಡು ಲೈನ್, ಆಕ್ಟೊಪ್ಯಾಡ್ ಅನ್ನುವ ಎಲೆಕ್ಟ್ರಾನಿಕ್ ಡ್ರಮ್‌ಗೆ ಎರಡು, ತಬಲಾ, ಢೋಲಕ್, ಎಣಿಸಿಕೊಂಡು ಹೋಗಿ. ಮಾನಿಟರ್‌ಗೆ ಬೇರೆಯಾಗಿ ಸೌಂಡ್ ಕಳಿಸುವ ಆಕ್ಸ್ ಎಷ್ಟಿವೆ ಅಂತಲೂ ಕೇಳಿ, ಇಲ್ಲದಿದ್ದರೆ ಗಾಯಕಿಗೆ ಬರೀ ನನ್ನ ಕೀಬೋರ್ಡೇ ಕೇಳಿಸುತ್ತದೆ. ಟ್ಯಾಬ್‌ನಲ್ಲಿ ನಡೆಸುವ ಬೆಹ್ರಿಂಗರ್ ಎಕ್ಸ್‌ಆರ್18 ತರಹದ್ದು ಹಗುರ, ಚೆನ್ನಾಗಿದೆ. ಆದರೆ ಜಾತ್ರೆಯ ಸಾವಿರಾರು ಮೊಬೈಲ್ ನಡುವೆ ಅದರ ಒಳಗಿನ ವೈಫೈ ನಂಬಿ ಕೂರಬೇಡಿ, ಬೇರೆ ರೌಟರ್ ಒಯ್ಯಿರಿ. ಎಕೋ ಮಾತ್ರ ದಯವಿಟ್ಟು ಕಮ್ಮಿ ಇಡಿ. ಕಲ್ಯಾಣ ಮಂಟಪದ ಬರಿ ಗೋಡೆಯೇ ಬೇಕಾದಷ್ಟು ಎಕೋ ಕೊಡುತ್ತದೆ, ಅದರ ಮೇಲೆ ನಮ್ಮದೂ ಸೇರಿದರೆ ಒತ್ತಕ್ಷರ ಒಂದೂ ಉಳಿಯುವುದಿಲ್ಲ.

ಕರೆಂಟ್ ವಿಷಯದಲ್ಲಿ ತಮಾಷೆ ಬೇಡ. ಹಳ್ಳಿಯಲ್ಲಿ ಎಷ್ಟೋ ಕಡೆ ಅರ್ಥಿಂಗ್ ಇಲ್ಲದ ಲೈನ್ ಎಳೆದು ಕೊಡುತ್ತಾರೆ. ಬಾಕ್ಸ್‌ನಲ್ಲಿ ಗುಂ ಅಂತ ಬರುತ್ತದೆ, ಮೈಕ್ ತುಟಿಗೆ ತಾಗಿದರೆ ಜುಮ್ ಅನ್ನುತ್ತದೆ. ಗುಂ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರನ್ನು ನೋಡಿದ್ದೇನೆ. ಜೀವ ಹೋಗುವ ಕೆಲಸ ಅದು. ಕೀಬೋರ್ಡ್‌ಗೂ ಮಿಕ್ಸರ್‌ಗೂ ನಡುವೆ ಡಿಐ ಬಾಕ್ಸ್ ಅನ್ನುವ ಸಣ್ಣ ಪೆಟ್ಟಿಗೆ ಹಾಕಿ, ಅದರ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ. ಅದು ಸಿಗ್ನಲ್‌ನ ಗ್ರೌಂಡ್ ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥ್ ಹಾಗೇ ಇರುತ್ತದೆ. ಒಬ್ಬ ಎಲೆಕ್ಟ್ರಿಷಿಯನ್ ಜೊತೆಗೆ ಇದ್ದರೆ ಇನ್ನೂ ನೆಮ್ಮದಿ.

ಮೈಕ್, ಮಾನಿಟರ್ ಕೊಳ್ಳಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವುದಾದರೆ ಹಾಡುವವರನ್ನೂ ಕರೆದುಕೊಂಡು ಹೋಗಿ. ಅಂಗಡಿಯವರು ಹಾಕುವ ಬೇಸ್ ತುಂಬಿದ ಡಿಜೆ ಹಾಡಿಗೆ ಮರುಳಾಗಬೇಡಿ, ಅದರಲ್ಲಿ ಎಲ್ಲ ಬಾಕ್ಸೂ ಚೆನ್ನಾಗೇ ಕೇಳುತ್ತದೆ. ಅದನ್ನು ನಿಲ್ಲಿಸಿ, ನಿಮ್ಮವರು ಮೈಕ್ ಹಿಡಿದು ಮೆಲ್ಲಗೆ ಒಂದು ಭಾವಗೀತೆ ಹಾಡಲಿ.

ಕಮಿಟಿಯವರಿಗೂ ಒಂದು ಮಾತು. ಅಡ್ವಾನ್ಸ್ ಕೊಡುವಾಗ "ಎಷ್ಟು ಬಾಕ್ಸ್ ತರ್ತೀರಾ, ಪಕ್ಕದೂರಿನವರು ಎಂಟು ತರಿಸಿದ್ರು" ಅಂತ ಕೇಳುತ್ತೀರಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಬಯಲಿನ ಕಾರ್ಯಕ್ರಮ ರಾತ್ರಿ 10ಕ್ಕೆ ನಿಲ್ಲಬೇಕು. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಸರ್ಕಾರ 12ರವರೆಗೆ ಬಿಡಬಹುದು. ಮೈದಾನದ ಅಂಚಿನಲ್ಲಿ 75 ಡೆಸಿಬಲ್ ದಾಟುವ ಹಾಗಿಲ್ಲ, ಸುತ್ತಮುತ್ತ ಶಾಂತವಾಗಿದ್ದರೆ ಮಿತಿ ಅದಕ್ಕಿಂತಲೂ ಕಮ್ಮಿ. ಎಂಟು ಬಾಕ್ಸ್ ತಂದು ಸುಮ್ನೆ ನಿಲ್ಲಿಸಿಕೊಳ್ಳಬೇಕಷ್ಟೇ.

ಬಾಕ್ಸ್ ಲೆಕ್ಕದ ಬದಲು ನಮಗೆ ಸಮಯ ಕೊಡಿ. ಈಗ ಏನಾಗುತ್ತದೆ ಅಂದರೆ, ಏಳಕ್ಕೆ ಅಂದ ಸಭೆ ಎಂಟಕ್ಕೆ ಶುರುವಾಗಿ, ಭಾಷಣ, ಸನ್ಮಾನ, ಹಾರ, ಶಾಲು ಎಲ್ಲ ಮುಗಿದು ಒಂಬತ್ತಕ್ಕೆ ವೇದಿಕೆ ಬಿಟ್ಟುಕೊಟ್ಟು "ಶುರು ಮಾಡ್ರಪ್ಪಾ" ಅನ್ನುತ್ತೀರಿ. ಮೈಕ್ ಒಂದೊಂದೇ ನೋಡಿಕೊಳ್ಳಲು ಐದು ನಿಮಿಷ ಸಿಗುವುದಿಲ್ಲ. ಸಂಜೆ ನಾಲ್ಕಕ್ಕೆ ವೇದಿಕೆ, ಕರೆಂಟ್ ಎರಡೂ ಕೊಡಿ. ಊಟ ಹತ್ತರ ಮೇಲೆ ಕೊಟ್ಟರೂ ನಡೆಯುತ್ತದೆ.

ಇಂತಿ,
ಒಬ್ಬ ಕೀಬೋರ್ಡ್ ವಾದಕ, ಗುಬ್ಬಿ, ತುಮಕೂರು ಜಿಲ್ಲೆ