ಸೋಮು, ಆ ರಾತ್ರಿಯ ಬಗ್ಗೆ

ಪ್ರೀತಿಯ ಸೋಮು,

ಹೇಗಿದ್ದೀಯ ಮಾರಾಯ? ಇಲ್ಲಿ ಮಳೆ ಬಿಟ್ಟಿಲ್ಲ. ತುಂಗೆಯ ಮಂಟಪ ಮುಳುಗಿದೆ. ನಿನ್ನೆ ನಾನೂ ಹೋಗಿ ನೋಡಿಬಂದೆ.

ನಿಮ್ಮ ನ್ಯೂಯಾರ್ಕಿನ ಪೊಲೀಸ್ ಕಾಯ್ದೆಯ ಬಗ್ಗೆ ಫೋನಿನಲ್ಲಿ ಅಷ್ಟು ಹೊತ್ತು ಹೇಳಿದೆಯಲ್ಲ, ಆಗ ಬರೀ ಹೂಂಗುಟ್ಟಿದೆ. ಆಮೇಲೆ ಕೂತು ಓದಿದೆ. ಪೊಲೀಸರು ತನಿಖೆಗೆ ಅಂತ ಬೀದಿಯಲ್ಲಿ ಯಾರನ್ನಾದರೂ ಮಾತಾಡಿಸಿದರೆ ಅದನ್ನು ದಾಖಲಿಸಬೇಕು. ಆತನ ವಯಸ್ಸು, ಜನಾಂಗ, ಕಾರಣ. ಇಷ್ಟಕ್ಕೆ ಅಲ್ಲಿನ ನಗರ ಕೌನ್ಸಿಲ್‌ಗೂ ಮೇಯರ್‌ಗೂ ಅಷ್ಟು ದೊಡ್ಡ ಜಗಳ! ಆಗಿನ ಮೇಯರ್ ಎರಿಕ್ ಆಡಮ್ಸ್ ಸ್ವತಃ ಪೊಲೀಸ್ ಆಗಿದ್ದವರು. ಬರೆಯುವುದರಲ್ಲೇ ಹೊತ್ತು ಹೋಗುತ್ತದೆ ಅಂತ ವೀಟೊ ಹಾಕಿದರು. 2024ರ ಜನವರಿ 30ರಂದು ಕೌನ್ಸಿಲ್ 42–9 ಮತಗಳಿಂದ ಆ ವೀಟೊವನ್ನು ತಳ್ಳಿಹಾಕಿತು, ಕಾಯ್ದೆ ಉಳಿಯಿತು.

ಓದುತ್ತಾ ಯೂಸೆಫ್ ಸಲಾಂ ಹೆಸರಿನ ಹತ್ತಿರ ನಿಂತುಬಿಟ್ಟೆ. ಹದಿನೈದನೇ ವಯಸ್ಸಿನಲ್ಲಿ ಮಾಡದ ತಪ್ಪಿಗೆ ಸಿಕ್ಕಿಬಿದ್ದು, ಸುಮಾರು 7 ವರ್ಷ ಜೈಲಿನಲ್ಲಿ ಕಳೆದವರು. ಈಗ ಕೌನ್ಸಿಲ್ ಸದಸ್ಯ. ಆ ಮತದಾನಕ್ಕೆ ಕೆಲವೇ ದಿನ ಮುಂಚೆ ಪೊಲೀಸರು ಅವರ ಕಾರನ್ನೇ ನಿಲ್ಲಿಸಿದರು. ತಾನು ಕೌನ್ಸಿಲ್ ಸದಸ್ಯ ಅಂದರು. ಬಿಟ್ಟರು.

ಅಂದರು, ಬಿಟ್ಟರು. ನನಗೆ 2004ರ ಆ ರಾತ್ರಿ ನೆನಪಾಯಿತು.

ಸೆಕೆಂಡ್ ಶೋ ಮುಗಿಸಿ ನಡೆದು ಬರುತ್ತಿದ್ದೆವು. ಇಬ್ಬರನ್ನೂ ಠಾಣೆಗೆ ಕರೆದುಕೊಂಡು ಹೋದರು. ನಾನು ಮಾವನಿಗೆ ಫೋನ್ ಮಾಡಿಸಿದೆ. ಹತ್ತು ನಿಮಿಷದಲ್ಲಿ ನನಗೆ ಕುರ್ಚಿ ಬಂತು, ಚಾ ಬಂತು. 'ಜೊತೆಗಿರುವವನು ಯಾರು?' ಅಂತ ಕೇಳಿದರು. ನಾನು 'ನಮ್ಮೂರಿನವನು' ಅಂದೆ ಸೋಮು. ಸ್ನೇಹಿತ ಅನ್ನಲಿಲ್ಲ. ನಮ್ಮ ತೋಟದಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಮಗ ಅಂತ ಅವರೇ ಕೇಳಿ ತಿಳಿದುಕೊಂಡರು. ನಾನು ಮನೆಗೆ ಹೋಗಿ ಮಲಗಿದೆ. ನಿನಗೆ ಬಿದ್ದ ಏಟು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಬೆಳಗ್ಗೆ ತೀರ್ಥಹಳ್ಳಿಯ ಮೊದಲ ಬಸ್ಸಿಗೆ ನಿನ್ನ ಅಪ್ಪ ಬಂದರು. 'ಇದನ್ನ ಯಾರ ಹತ್ರ ಹೇಳೋದು?' ಅಂತ ನನ್ನನ್ನೇ ಕೇಳಿದರು. ನಾನು ನೆಲ ನೋಡಿದೆ.

ಅವರಿಗೆ ಆಗ ಸುಲಭದ ಉತ್ತರ ಇರಲಿಲ್ಲ ನೋಡು. ನಗರಸಭೆಯವರಿಗೆ ಹೇಳೋಣ ಅಂದರೆ ನಮ್ಮಲ್ಲಿ ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ್ದು. ಪೊಲೀಸರ ಮೇಲಿನ ದೂರು ಕೇಳಲು ಜಿಲ್ಲೆಗೊಂದು ಪ್ರಾಧಿಕಾರ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ, ಪ್ರಕಾಶ್ ಸಿಂಗ್ ಪ್ರಕರಣದಲ್ಲಿ. ಕರ್ನಾಟಕ ಅದಕ್ಕಾಗಿ ಕಾಯ್ದೆ ತಿದ್ದಿದ್ದು 2012ರಲ್ಲಿ. ಈಗಲೂ ಸಂತೆಯಲ್ಲಿ ನಿಂತು ಹತ್ತು ಜನರನ್ನು ಕೇಳು, ಅಂಥದ್ದೊಂದು ಇದೆ ಅಂತ ಎಷ್ಟು ಜನಕ್ಕೆ ಗೊತ್ತಿರುತ್ತದೆ?

ಅದಕ್ಕೇ ನಿಮ್ಮೂರಿನ ಆ ದಾಖಲೆ ನನಗೆ ದೊಡ್ಡದಾಗಿ ಕಾಣುತ್ತಿದೆ. ಮಾವ ಇಲ್ಲದವನಿಗೂ ಅಲ್ಲಿ ಒಂದು ಸಾಲು ಇರುತ್ತದಲ್ವಾ?

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ನಿನಗೊಬ್ಬನಿಗೇ ಕಳಿಸಿದ್ದರೆ 'ಬಿಡೋ ಮಾರಾಯ' ಅಂತ ಮುಗಿಸುತ್ತಿದ್ದೆ. ಅದಕ್ಕೇ ನಾಲ್ಕು ಜನ ಓದುವ ಕಡೆ ಹಾಕುತ್ತಿದ್ದೇನೆ. ಸೋಮು ನನ್ನ ಸ್ನೇಹಿತ.

ಸರಿ, ಅಮ್ಮ ನಿನ್ನ ಪಾಲಿನ ಅಪ್ಪೆಮಿಡಿ ಎತ್ತಿಟ್ಟಿದ್ದಾರೆ. ಆ ಕಡೆ ಬರುವವರು ಯಾರಾದರೂ ಇದ್ದರೆ ತಿಳಿಸು.

ನಿನ್ನ,
ಮೂರನೇ ಬೆಂಚು