ಪೆರು ಪ್ರವಾಸ: ಇನ್ಮುಂದೆ ಮೊದಲು ಹಳದಿ ಕಾರ್ಡು, ಆಮೇಲೆ ಅಡ್ವಾನ್ಸು

ನಮಸ್ಕಾರ,

ನಮ್ಮ ಜೊತೆ ಪೆರು ಪ್ರವಾಸಕ್ಕೆ ಹೆಸರು ಕೊಟ್ಟಿರುವವರಿಗೂ, ಕೊಡೋಣವಾ ಬೇಡವಾ ಅಂತ ಲೆಕ್ಕ ಹಾಕುತ್ತಿರುವವರಿಗೂ ಈ ಪತ್ರ. ಇಷ್ಟು ದಿನ ನಾವು ಮೊದಲು ಅಡ್ವಾನ್ಸ್ ತಗೊಂಡು, ಸೀಟು ಹಿಡಿದು, ಆಮೇಲೆ ನಿಧಾನವಾಗಿ ಕಾಗದಪತ್ರ ಕೇಳುತ್ತಿದ್ದೆವು. ಮುಂದಿನ ತಂಡದಿಂದ ಇದು ಉಲ್ಟಾ. ಪಾಸ್‌ಪೋರ್ಟ್, ವೀಸಾ, ಹಳದಿ ಜ್ವರದ ಲಸಿಕೆ ಕಾರ್ಡ್, ಈ ಮೂರನ್ನೂ ಕಣ್ಣಾರೆ ನೋಡಿದ ಮೇಲೆಯೇ ನಿಮ್ಮಿಂದ ದುಡ್ಡು ಮುಟ್ಟುತ್ತೇವೆ.

ಯಾಕೆ ಅಂತ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇವೆ. ಹೋದ ಸಲದ ತಂಡದಲ್ಲಿ ಒಬ್ಬ ಯಜಮಾನರೂ ಅವರ ಮನೆಯವರೂ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಅವರ ತಪ್ಪಲ್ಲ, ನಮ್ಮನ್ನು ಕೇಳಿಯೇ ಬಿಟ್ಟಿದ್ದರು. "ಕುಸ್ಕೋ, ಮಾಚು ಪಿಚು ಎಲ್ಲ ಎತ್ತರದ ಜಾಗ, ಅಲ್ಲಿ ಹಳದಿ ಜ್ವರದ ಭಯವಿಲ್ಲ, ಪೆರುವಿಗೆ ಇಳಿಯುವಾಗಲೂ ಕೇಳಲ್ಲ, ಬೇಡ ಬಿಡಿ ಸಾರ್" ಅಂತ ನಮ್ಮ ಆಫೀಸಿನಿಂದಲೇ ಹೇಳಿದ್ದು. ಪೆರುವಿನ ಮಟ್ಟಿಗೆ ಅದು ಸುಳ್ಳೂ ಅಲ್ಲ. ಆದರೆ ಕಾರ್ಡ್ ಕೇಳುವುದು ಪೆರು ಅಲ್ಲ, ವಾಪಸ್ ಬರುವಾಗ ನಮ್ಮದೇ ದೇಶ. ಇಳಿದ ತಕ್ಷಣ ಆರೋಗ್ಯ ಕೌಂಟರಿನಲ್ಲಿ ಇಬ್ಬರನ್ನೂ ಪಕ್ಕಕ್ಕೆ ನಿಲ್ಲಿಸಿದರು. ಮೊಮ್ಮಗಳಿಗೆ ಅಂತ ತಂದಿದ್ದ ಅಲ್ಪಾಕ ಉಣ್ಣೆಯ ಟೋಪಿಯನ್ನು ನಮ್ಮ ಹುಡುಗ ಅವತ್ತೇ ಮನೆಗೆ ತಲುಪಿಸಿದ, ಅಜ್ಜ ಅಜ್ಜಿ ಮನೆ ಸೇರಿದ್ದು ಮಾತ್ರ ನಾಲ್ಕು ದಿನ ಕಳೆದು, ಕ್ವಾರಂಟೈನ್ ಮುಗಿಸಿಕೊಂಡು. ಅವರಿಗೆ ಆದ ಖರ್ಚು ನಾವು ಕೊಟ್ಟೆವು. ಅವರು ಒಂದು ಕೆಟ್ಟ ಮಾತೂ ಆಡಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ನಿಯಮ ಹೀಗಿದೆ. ಹಳದಿ ಜ್ವರ ಇರುವ ದೇಶ ಬಿಟ್ಟು ಆರು ದಿನದೊಳಗೆ ಭಾರತಕ್ಕೆ ಬಂದರೆ ಲಸಿಕೆಯ ಕಾರ್ಡ್ ತೋರಿಸಬೇಕು, ಇಲ್ಲದಿದ್ದರೆ ಆ ಆರು ದಿನ ತುಂಬುವವರೆಗೆ ಪ್ರತ್ಯೇಕ ಇಡಬಹುದು. ನಮ್ಮ ಸರ್ಕಾರದ ಪಟ್ಟಿಯಲ್ಲಿ ಪೆರು, ಬ್ರೆಜಿಲ್, ಅರ್ಜೆಂಟೀನಾ, ಬೊಲಿವಿಯಾ, ಕೊಲಂಬಿಯಾ, ಈಕ್ವೆಡಾರ್ ಎಲ್ಲ ಇವೆ. ಚಿಲಿ, ಉರುಗ್ವೆ ಇಲ್ಲ. ದೇಶದ ಯಾವ ಮೂಲೆಗೆ ಹೋಗಿದ್ದಿರಿ, ಬೆಟ್ಟದ ಮೇಲಿದ್ದಿರಾ ಕಾಡಿನಲ್ಲಿದ್ದಿರಾ ಅಂತ ಯಾರೂ ವಿಚಾರಿಸುವುದಿಲ್ಲ. ಇಷ್ಟು ಬಿಗಿ ಯಾಕೆ ಅಂದರೆ ಈ ರೋಗ ನಮ್ಮಲ್ಲಿ ಇಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಬೇಕಾದಷ್ಟಿದೆ, ನಮ್ಮ ಮನೆ ಮುಂದೆ ಡೆಂಗಿ ತರುವುದೂ ಅದೇ. ಒಬ್ಬರು ರಕ್ತದಲ್ಲಿ ತಂದರೆ ಸಾಕು.

"ನಮ್ಮ ಮಗ ಅಮೆರಿಕದಿಂದ ಪೆರುವಿಗೆ ಬಂದು ಹೋದ, ಅವನನ್ನು ಯಾರೂ ಕೇಳಲಿಲ್ಲವಲ್ಲ" ಅಂತ ಕೆಲವರು ಕೇಳುತ್ತಾರೆ. ಹೌದು, ಅಮೆರಿಕ ಈ ಕಾರ್ಡ್ ಕೇಳುವುದಿಲ್ಲ. ಅವನ ನಿಯಮ ಅವನಿಗೆ, ನಿಮ್ಮದು ನಿಮಗೆ. ಇನ್ನೊಬ್ಬರು ಫೋನ್ ಮಾಡಿ, "ನನಗೆ ಚಿಕ್ಕವನಿದ್ದಾಗಲೇ ಕಾಮಾಲೆ ಆಗಿ ಹೋಗಿದೆ ಕಣ್ರೀ, ಮತ್ತೆ ಯಾಕೆ?" ಅಂದರು. ಇದು ಕಾಮಾಲೆ ಅಲ್ಲ, ಬೇರೆಯೇ ರೋಗ.

ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗಲ್ಲ. ಕೇಂದ್ರ ಸರ್ಕಾರ ಮಾನ್ಯ ಮಾಡಿರುವ ಕೇಂದ್ರದಲ್ಲೇ ಹಾಕಿಸಬೇಕು, ನಮ್ಮ ಮೈಸೂರಿನ ಗ್ರಾಹಕರು ಸಾಮಾನ್ಯವಾಗಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಒಂದು ಸೀಸೆಯಲ್ಲಿ ಹಲವರಿಗೆ ಆಗುವಷ್ಟು ಮದ್ದು ಇರುತ್ತದೆ, ಒಮ್ಮೆ ತೆರೆದರೆ ಆರು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಎಷ್ಟೋ ಕಡೆ ವಾರದಲ್ಲಿ ಇಂಥ ದಿನ ಅಂತ ಇಟ್ಟುಕೊಂಡಿರುತ್ತಾರೆ. ಮೊದಲೇ ವಿಚಾರಿಸಿಕೊಂಡು ಬಸ್ ಹತ್ತಿ. ಕಾರ್ಡ್ ಜಾರಿಗೆ ಬರುವುದು ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕು ಅನ್ನುವುದು 2016ರ ಜುಲೈಗೇ ಹೋಯಿತು. ಹಳೆಯ ಕಾರ್ಡ್ ಇದ್ದರೆ ಬಿಸಾಡಬೇಡಿ, ಅದೇ ಸಾಕು.

ಒಂದು ಮಾತು, ದಯವಿಟ್ಟು ಗಮನಿಸಿ. ಇದು ಜೀವಂತ ವೈರಸ್ಸಿನ ಲಸಿಕೆ. ಅರವತ್ತು ದಾಟಿದವರು, ಮೊಟ್ಟೆಯ ಅಲರ್ಜಿ ಜೋರಾಗಿರುವವರು, ರೋಗನಿರೋಧಕ ಶಕ್ತಿ ಕಡಿಮೆ ಮಾಡುವ ಮಾತ್ರೆ ತಗೊಳ್ಳುವವರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಡಾಕ್ಟರ್ ಬೇಡ ಅಂದರೆ ಬೇಡ, ಅದಕ್ಕೆಂದೇ ಅಡ್ವಾನ್ಸ್‌ಗಿಂತ ಮೊದಲು ಈ ಕೆಲಸ ಮುಗಿಯಲಿ ಅನ್ನುತ್ತಿರುವುದು. ನಮ್ಮ ಗ್ರಾಹಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಿವೃತ್ತರು. ಡಾಕ್ಟರ ಚೀಟಿ ತೋರಿಸಿದರೆ ಏರ್‌ಪೋರ್ಟಿನಲ್ಲಿ ಬಿಟ್ಟುಬಿಡುತ್ತಾರೆ ಅಂತ ನಾವು ಗ್ಯಾರಂಟಿ ಕೊಡಲಾರೆವು. ಒಮ್ಮೆ ಬಾಯಿಗೆ ಬಂದ ಗ್ಯಾರಂಟಿ ಕೊಟ್ಟು ಕೈ ಸುಟ್ಟುಕೊಂಡಿದ್ದಾಗಿದೆ.

ವೀಸಾ ವಿಷಯ. 2017ರಿಂದ ಪೆರು ನಮ್ಮವರಿಗೆ ಒಂದು ಬಾಗಿಲು ತೆರೆದಿದೆ: ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ (ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ) ವೀಸಾ ಇದ್ದು, ಅದರಲ್ಲಿ ಕನಿಷ್ಠ ಆರು ತಿಂಗಳು ಬಾಕಿ ಇದ್ದರೆ ಪೆರು ವೀಸಾ ಬೇಡ. ಮಗನ ಮನೆಗೆ ಹೋಗಿಬರಲು ಹತ್ತು ವರ್ಷದ ಅಮೆರಿಕ ವೀಸಾ ಮಾಡಿಸಿಕೊಂಡಿರುವ ಅಪ್ಪ ಅಮ್ಮಂದಿರು ನಮ್ಮೂರಲ್ಲಿ ಬೀದಿಗೆ ನಾಲ್ಕು ಮನೆ ಸಿಗುತ್ತಾರೆ, ನಿಜ ಹೇಳಬೇಕೆಂದರೆ ನಮ್ಮ ಪೆರು ಪ್ರವಾಸ ನಡೆಯುತ್ತಿರುವುದೇ ಅವರಿಂದ. ಆದರೆ ಷೆಂಗೆನ್ ವೀಸಾದವರು ಸ್ವಲ್ಪ ನಿಲ್ಲಿ. ಯೂರೋಪ್ ಪ್ರವಾಸಕ್ಕೆ ಕೊಡುವ ವೀಸಾ ಎಷ್ಟೋ ಸಲ ಹದಿನೈದಿಪ್ಪತ್ತು ದಿನದ್ದು. ಅದನ್ನು ತೋರಿಸಿ ಪೆರುವಿಗೆ ಹೋಗಲಾಗದು. ಅಂಥವರಿಗೆ ದೆಹಲಿಯ ಪೆರು ರಾಯಭಾರ ಕಚೇರಿಗೆ ಅರ್ಜಿ ಹಾಕಿಸುತ್ತೇವೆ. ವೀಸಾ ಹಳೆಯ ಪಾಸ್‌ಪೋರ್ಟಿನಲ್ಲಿದ್ದರೆ ಎರಡೂ ಪಾಸ್‌ಪೋರ್ಟ್ ಜೊತೆಗಿರಲಿ.

ಹೆಸರಿನ ಕತೆ ಬೇರೆಯೇ. ನಮ್ಮಲ್ಲಿ ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಮುಂದೆ, ಬ್ಯಾಂಕಿನಲ್ಲಿ ಊರಿನ ಹೆಸರೂ ಸೇರಿರುತ್ತದೆ, ಅಲ್ವಾ? ಲಸಿಕೆ ಕಾರ್ಡಿನಲ್ಲಿ ಹೆಸರನ್ನು ಕೈಯಲ್ಲೇ ಬರೆಯುವುದುಂಟು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರೆದಿದ್ದಾರಾ ಅಂತ ಅಲ್ಲೇ ನಿಂತು ಓದಿ. ಮಾಚು ಪಿಚುವಿನ ಟಿಕೆಟ್ಟಿಗೂ ಅದೇ ಹೆಸರು, ಅದೇ ಪಾಸ್‌ಪೋರ್ಟ್ ನಂಬರ್ ಬೇಕು. ಗೇಟಿನಲ್ಲಿ ಒರಿಜಿನಲ್ ಕೇಳುತ್ತಾರೆ, ಫೋಟೋಕಾಪಿ ನಡೆಯಲ್ಲ.

ವಿಮಾನ ಇನ್ನು ಯೂರೋಪಿನ ಮೂಲಕ ಮಾತ್ರ. ಅಮೆರಿಕದ ಮೂಲಕ ಹೋದರೆ ಸುಮ್ನೆ ವಿಮಾನ ಬದಲಿಸುವುದಕ್ಕೂ ಅಮೆರಿಕ ವೀಸಾ ಬೇಕು, ಇಮಿಗ್ರೇಶನ್ ಸಾಲಿನಲ್ಲಿ ನಿಂತು, ಬ್ಯಾಗ್ ಎತ್ತಿಕೊಂಡು ಮತ್ತೆ ಕೊಡಬೇಕು. ತಂಡದಲ್ಲಿ ಎಲ್ಲರ ಹತ್ತಿರವೂ ಆ ವೀಸಾ ಇರುವುದಿಲ್ಲ.

ಈಗ ಬೇಜಾರಿನ ಸುದ್ದಿ. ನಮ್ಮ ಅಡುಗೆ ಡಬ್ಬ ಇನ್ನು ಪೆರುವಿಗೆ ಬರುವುದಿಲ್ಲ. ಅಡುಗೆಯವರು ಬರುತ್ತಾರೆ, ದಿನಸಿ ಬರುವುದಿಲ್ಲ. ಹೋದ ಸಲ ಲಿಮಾದಲ್ಲಿ ಡಬ್ಬ ತೆರೆಸಿದರು. ಒದ್ದೆ ನ್ಯೂಸ್‌ಪೇಪರಿನಲ್ಲಿ ಸುತ್ತಿದ್ದ ಕರಿಬೇವು ಮೊದಲು ಹೋಯಿತು, ಅದರ ಹಿಂದೆ ಸಾಸಿವೆ, ಮೆಂತ್ಯ, ಹೆಸರುಕಾಳು, ಕೊನೆಗೆ ಮನೆಯಲ್ಲಿ ಕಾಯಿಸಿದ ತುಪ್ಪ. ನಮ್ಮ ಅಡುಗೆಯವರು ಒಂದೊಂದನ್ನೂ ಬುಟ್ಟಿಗೆ ಹಾಕುವಾಗ ಕರಿಬೇವನ್ನು ಮಾತ್ರ ಒಮ್ಮೆ ಮೂಸಿ ನೋಡಿ ಹಾಕಿದರು. ಅಧಿಕಾರಿ ಮರ್ಯಾದೆಯಾಗಿಯೇ ನಡೆದುಕೊಂಡರು. ಮೊಳಕೆ ಬರುವ ಕಾಳು, ಹಸಿ ಸೊಪ್ಪು, ಹಾಲಿನ ಪದಾರ್ಥ ಅವರಿಗೆ ರೋಗ ಹೊತ್ತು ತರುವ ವಸ್ತು. ಆಲೂಗೆಡ್ಡೆ ಹುಟ್ಟಿದ ನಾಡು ಅದು, ಇವತ್ತಿಗೂ ಸಾವಿರಾರು ತಳಿ ಬೆಳೆಯುತ್ತಾರೆ, ಹೊರಗಿನ ಒಂದು ಹುಳಕ್ಕೂ ಅವರು ಹೆದರುವುದು ಸರಿಯೇ. ನಾವು ಹೊತ್ತುಕೊಂಡು ಹೋಗಿದ್ದು ಅವರದೇ ಆಲೂಗೆಡ್ಡೆಗೆ ಒಗ್ಗರಣೆ ಹಾಕಲು! ನಿಮ್ಮ ಬ್ಯಾಗಿನಲ್ಲಿ ಸೀಲ್ ಆದ ಕಂಪನಿ ಪ್ಯಾಕೆಟ್ ಮಾತ್ರ ಇರಲಿ, ಕೇಳಿದರೆ ತೋರಿಸಿ. ಅನ್ನ, ಬೇಳೆ, ತರಕಾರಿ ಅಲ್ಲೇ ಕೊಂಡು ಮಾಡುತ್ತೇವೆ. ಸಾರಿನ ರುಚಿ ಮನೆಯ ಹಾಗೆ ಇರುವುದಿಲ್ಲ, ಮೊದಲೇ ಹೇಳಿದ್ದೇವೆ.

ದಾರಿಯನ್ನೂ ಸ್ವಲ್ಪ ಬದಲಿಸಿದ್ದೇವೆ. ಕುಸ್ಕೋ 3,400 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930. ಸಮುದ್ರದ ಪಕ್ಕದ ಲಿಮಾದಿಂದ ಒಂದೂಕಾಲು ಗಂಟೆಯಲ್ಲಿ ಅಲ್ಲಿಗೆ ಹಾರಿ ಇಳಿದರೆ ತಲೆ ಸಿಡಿಯುವುದು, ವಾಂತಿ, ನಿದ್ದೆ ಬರದಿರುವುದು ಎಲ್ಲ ಸಹಜ. ಇನ್ಮುಂದೆ ಇಳಿದ ದಿನವೇ ಕೆಳಗಿನ ಉರುಬಂಬಾ ಕಣಿವೆಗೆ ಹೋಗಿ ಎರಡು ರಾತ್ರಿ ಇರುತ್ತೇವೆ, ಅಲ್ಲಿಂದ 2,430 ಮೀಟರಿನ ಮಾಚು ಪಿಚು, ಕೊನೆಗೆ ಕುಸ್ಕೋ. ಎತ್ತರದ ತೊಂದರೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನು ನಿಮ್ಮ ಡಾಕ್ಟರ್ ಹೇಳಿದರೆ ಮಾತ್ರ ತಗೊಳ್ಳಿ, ಸಲ್ಫಾ ಅಲರ್ಜಿ ಇದ್ದರೆ ಅದನ್ನು ಅವರಿಗೆ ಹೇಳಲೇಬೇಕು.

ಕುಸ್ಕೋದ ಹೋಟೆಲಿನಲ್ಲಿ ಬಾಗಿಲಲ್ಲೇ ಬಿಸಿ ಕೋಕಾ ಟೀ ಕೊಡುತ್ತಾರೆ. ಕುಡಿಯುವುದು ಬಿಡುವುದು ನಿಮ್ಮಿಷ್ಟ, ಅಲ್ಲಿ ಅದು ಕಾನೂನುಬದ್ಧ. ಆದರೆ ಅದರ ಟೀ ಬ್ಯಾಗ್, ಎಲೆ, ಚಾಕೊಲೇಟ್ ಯಾವುದನ್ನೂ ಊರಿಗೆ ತರಬೇಡಿ. ಕೊಕೇನ್ ತೆಗೆಯುವುದು ಈ ಎಲೆಯಿಂದಲೇ, ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಯಲ್ಲಿ ಕೋಕಾ ಎಲೆ ನೇರವಾಗಿ ಹೆಸರಾಗಿದೆ. ಅಂಗಡಿಯವರು "ಏನೂ ಆಗಲ್ಲ" ಅನ್ನುತ್ತಾರೆ, ವ್ಯಾಪಾರ ಅವರದು, ಬ್ಯಾಗ್ ನಿಮ್ಮದು. ಕುಸ್ಕೋ ಬಿಡುವ ಹಿಂದಿನ ರಾತ್ರಿ ನಮ್ಮ ಗೈಡ್ ಇನ್ನೊಮ್ಮೆ ಕೇಳುತ್ತಾರೆ, ಅನುಮಾನಕ್ಕಲ್ಲ, ತಪ್ಪು ತಿಳಿಯಬೇಡಿ. ಪಿಸ್ಕೋ (ಅಲ್ಲಿನ ದ್ರಾಕ್ಷಿ ಮದ್ಯ) ಬಾಟಲಿ ತರುವವರಿಗೆ ಎರಡು ಲೀಟರ್ ಮಿತಿ.

ಈಗಾಗಲೇ ಅಡ್ವಾನ್ಸ್ ಕೊಟ್ಟವರು ಗಾಬರಿಯಾಗಬೇಡಿ. ವಿಮಾನದ ಟಿಕೆಟ್ ತೆಗೆಯುವ ಮೊದಲು ಕಾರ್ಡ್ ತೋರಿಸಿದರೆ ಸಾಕು. ಲಸಿಕೆ ಬೇಡ ಅಂತ ಡಾಕ್ಟರ್ ಹೇಳಿದವರಿಗೆ ಪೂರ್ತಿ ಹಣ ವಾಪಸ್, ಒಂದು ರೂಪಾಯಿ ಮುರಿದುಕೊಳ್ಳುವುದಿಲ್ಲ. ಕಾರ್ಡಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ, ಹೆಸರಿನ ಪುಟ, ಸೀಲ್ ಇರುವ ಪುಟ ಎರಡೂ. ಕಳೆದ ಬಾರಿ ಒಬ್ಬರು ಕಳಿಸಿದ ಫೋಟೋದಲ್ಲಿ ಸೀಲ್ ಮೇಲೆ ಅವರ ಹೆಬ್ಬೆರಳಿತ್ತು.