ಮಗಳಿಗೊಂದು ಪತ್ರ: ನಕ್ಷೆಯ ಮೇಲೆ ನಿಂತುಹೋದ ಬಿಲ್ಲೆ

ಪ್ರೀತಿಯ ಮಗಳೇ,

ಅನೇಕ ಆಶೀರ್ವಾದಗಳು. ಇದನ್ನೆಲ್ಲ ಫೋನಿನಲ್ಲಿ ಹೇಳಹೊರಟರೆ ಎರಡನೆಯ ಮಾತಿಗೇ ನೀನು ನಗುತ್ತೀಯೆ, ನಾನೂ ನಕ್ಕು ಸುಮ್ಮನಾಗುತ್ತೇನೆ. ಆದ್ದರಿಂದ ಕಾಗದ ಹಿಡಿದು ಕುಳಿತಿದ್ದೇನೆ.

ಕಳೆದ ವಾರ ರಾತ್ರಿ ಬಸ್ಸು ಹತ್ತುವ ಮುನ್ನ ನೀನು ಲೊಕೇಶನ್ ಹಂಚಿಕೊಂಡು, 'ನಾನೆಲ್ಲಿದ್ದೇನೆಂದು ಕಾಣುತ್ತಲೇ ಇರುತ್ತದೆ ಅಪ್ಪ, ನಿಶ್ಚಿಂತೆಯಿಂದ ಮಲಗಿ' ಎಂದೆ. ಕಾಣುತ್ತಲೇ ಇದ್ದುದರಿಂದಲೇ ನನಗೆ ಮಲಗಲು ಆಗಲಿಲ್ಲ. ನಿನ್ನ ಫೋಟೊ ಹೊತ್ತ ಪುಟ್ಟ ಬಿಲ್ಲೆಯೊಂದು ನಕ್ಷೆಯ ಮೇಲೆ ತೆವಳುವುದನ್ನು, ಅದು ತಿರುವಿನಲ್ಲಿ ನಿಧಾನಿಸುವುದನ್ನು, ನೇರ ರಸ್ತೆಯಲ್ಲಿ ಓಡುವುದನ್ನು ನೋಡುತ್ತ ಕುಳಿತಿದ್ದೆ. ಎರಡು ಗಂಟೆಯ ಸುಮಾರಿಗೆ ಬಿಲ್ಲೆ ನಿಂತಿತು. ಊರಿಲ್ಲದ, ಹೆಸರಿಲ್ಲದ, ಬರೀ ಹಸಿರು ಬಳಿದ ಜಾಗ ಅದು. ನಕ್ಷೆಯನ್ನು ಹಿಗ್ಗಿಸಿದೆ, ಕುಗ್ಗಿಸಿದೆ, ನಿನಗೆ ಕರೆ ಮಾಡಿದೆ, ಸಂಪರ್ಕ ಸಿಗಲಿಲ್ಲ. ಎಚ್ಚರಗೊಂಡ ನಿನ್ನ ಅಮ್ಮ 'ಅವಳು ನಿದ್ದೆ ಮಾಡುತ್ತಿದ್ದಾಳೆ, ನೀವೂ ಮಾಡಿ' ಎಂದು ಮಗ್ಗುಲಾದಳು. ಬಸ್ಸಿಗೆ ಏನೇನು ಆಗಬಹುದೋ ಅದೆಲ್ಲವನ್ನೂ ನಾನು ಆ 40 ನಿಮಿಷಗಳಲ್ಲಿ ಒಂದೊಂದಾಗಿ ಕಂಡು ಮುಗಿಸಿದೆ. ಆಮೇಲೆ ಬಿಲ್ಲೆ ಒಮ್ಮೆಗೇ ದೂರದ ಊರೊಂದರ ಅಂಚಿಗೆ ನೆಗೆದು, ಏನೂ ಆಗದಂತೆ ಮತ್ತೆ ತೆವಳತೊಡಗಿತು. ನೆಟ್‌ವರ್ಕ್ ಇಲ್ಲದ ಕಾಡಿನ ದಾರಿಯಂತೆ. ಬೆಳಿಗ್ಗೆ ನೀನೇ ಹೇಳಿದೆ, ನಕ್ಕೆ ಕೂಡ.

ಆ ರಾತ್ರಿಯ ಅವಮಾನವನ್ನು ಕಳೆದುಕೊಳ್ಳಲೆಂದು ಈ ಬಿಲ್ಲೆ ಹೇಗೆ ಕೆಲಸ ಮಾಡುತ್ತದೆಂದು ಕುಳಿತು ಓದಿದೆ. ಆಕಾಶದಿಂದ ಉಪಗ್ರಹಗಳು ನಿನ್ನನ್ನು ನೋಡುತ್ತಿರುತ್ತವೆ ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ಅದು ತಪ್ಪು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, 'ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು' ಎಂದು ಸಾರುತ್ತಿರುತ್ತವೆ. ಅದನ್ನು ಯಾರು ಕೇಳಿಸಿಕೊಂಡರು ಎಂಬುದು ಅವುಗಳಿಗೆ ತಿಳಿಯದು. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತವನ್ನು ಆಲಿಸಿ, ಅವು ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ದೂರವನ್ನು ಲೆಕ್ಕಹಾಕಿ, ತಾನೆಲ್ಲಿದ್ದೇನೆಂದು ಕಂಡುಕೊಳ್ಳುವುದು ನಿನ್ನ ಕೈಯಲ್ಲಿರುವ ಫೋನು. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ 30 ಸೆಂಟಿಮೀಟರ್ ಸಾಗುವುದರಿಂದ ಇಲ್ಲಿ ಎಲ್ಲವೂ ಗಡಿಯಾರದ ನಿಖರತೆಯ ಮೇಲೆ ನಿಂತಿದೆ. ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯ ಕಾರಣದಿಂದ ಅಷ್ಟು ಎತ್ತರದ ಗಡಿಯಾರಗಳು ನೆಲದ ಮೇಲಿನವಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡಿನಷ್ಟು ಮುಂದೆ ಓಡುತ್ತವೆ. ಅದನ್ನು ಸರಿಪಡಿಸದೆ ಬಿಟ್ಟರೆ ತಪ್ಪು ಒಂದೇ ದಿನಕ್ಕೆ ಹತ್ತು-ಹನ್ನೊಂದು ಕಿಲೋಮೀಟರಿಗೆ ಬೆಳೆಯಬಲ್ಲದು. ಕಾಲ ಎಲ್ಲರಿಗೂ ಒಂದೇ ವೇಗದಲ್ಲಿ ಓಡುವುದಿಲ್ಲ ಎಂಬುದಂತೂ ನನಗೆ ಆ 40 ನಿಮಿಷಗಳಲ್ಲೇ ತಿಳಿದಿತ್ತು.

ಅಂದರೆ, ಬಿಲ್ಲೆ ನಿಂತಾಗಲೂ ನಿನ್ನ ಫೋನಿಗೆ ತಾನೆಲ್ಲಿದ್ದೇನೆಂದು ಗೊತ್ತಿರಬಹುದಾಗಿತ್ತು, ಏಕೆಂದರೆ ಉಪಗ್ರಹದ ಮಾತು ಕೇಳಲು ಮೊಬೈಲ್ ಟವರ್ ಬೇಕಿಲ್ಲ. ಟವರ್ ಬೇಕಾಗಿದ್ದುದು ಆ ಸುದ್ದಿ ನನ್ನನ್ನು ತಲುಪುವುದಕ್ಕೆ ಮಾತ್ರ. ನೀನು ಎಲ್ಲಿಯೂ ಕಳೆದುಹೋಗಿರಲಿಲ್ಲ, ದಾರಿ ತಪ್ಪಿದವನು ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ ನಾನು.

ನಾನು ಮೊದಲ ಬಾರಿ ಮನೆ ಬಿಟ್ಟು ದೂರ ಹೋದಾಗ, 'ಸುಖವಾಗಿ ತಲುಪಿದೆ' ಎಂಬ ನನ್ನ ಕಾಗದ ನಿನ್ನ ಅಜ್ಜಿಯ ಕೈ ಸೇರಲು ಎಂಟು ದಿನ ಹಿಡಿದಿತ್ತು. ಆ ಎಂಟು ದಿನಗಳನ್ನು ಅವಳು ಹೇಗೆ ಕಳೆದಳೆಂದು ನಾನು ಒಮ್ಮೆಯೂ ಕೇಳಲಿಲ್ಲ, ಈಗ ಕೇಳಲು ಅವಳಿಲ್ಲ. ಆ ಕಾಲವೇ ಚೆನ್ನಾಗಿತ್ತು ಎಂದು ಹೇಳುವ ಮುದುಕರ ಸಾಲಿಗೆ ನನ್ನನ್ನು ಸೇರಿಸಬೇಡ. ಇಂಥದೊಂದು ಬಿಲ್ಲೆಯನ್ನು ಯಾರಾದರೂ ಕೊಟ್ಟಿದ್ದರೆ ಅವಳು ಎರಡೂ ಕೈಯೊಡ್ಡಿ ಇಸಿದುಕೊಳ್ಳುತ್ತಿದ್ದಳು. ಆದರೆ ಎಂಟನೆಯ ದಿನ ಅವಳಿಗೆ ಸಿಕ್ಕಿದ್ದು ನಾಲ್ಕು ಪುಟದ ಕಾಗದ. ರೈಲಿನಲ್ಲಿ ಎದುರಿಗೆ ಕುಳಿತವರು ಯಾರು, ಹಾಸಿಗೆಯ ಸುರುಳಿಯನ್ನು ಎಲ್ಲಿ ಮರೆತೆ, ಇಳಿದ ಊರಿನಲ್ಲಿ ಮೊದಲು ಯಾರನ್ನು ದಾರಿ ಕೇಳಿದೆ, ಎಲ್ಲವೂ ಅದರಲ್ಲಿತ್ತು.

ನನಗೆ ನಿನ್ನಿಂದ ಸಿಕ್ಕಿದ್ದು, 'ನೋಡಿದಿರಲ್ಲ, ತಲುಪಿದೆ' ಎಂಬ ಒಂದು ಸಾಲು. ತಪ್ಪು ನಿನ್ನದಲ್ಲ. ಹಿಂದಿನ ಪ್ರವಾಸಗಳಲ್ಲಿ ನಾನು ಫೋನು ಮಾಡಿದ ಕೂಡಲೇ 'ಎಲ್ಲಿದ್ದೀಯೆ?' ಎಂದು ಕೇಳುತ್ತಿದ್ದೆ. ಅದಕ್ಕೆ ಉತ್ತರ ಹೇಳುವ ನೆಪದಲ್ಲಿ ನಿನಗೆ ಕಿಟಕಿಯಾಚೆಯ ಹೊಳೆ ನೆನಪಾಗುತ್ತಿತ್ತು, ಹೊಳೆಯಿಂದ ಪಕ್ಕದ ಸೀಟಿನ ಅಜ್ಜಿ, ಅವಳಿಂದ ಅವಳ ಮೊಮ್ಮಗನ ಜಗಳ, ಹೀಗೆ ಅರ್ಧ ಗಂಟೆ ಹೋಗುತ್ತಿತ್ತು. ಈಗ ಕೇಳುವ ಮೊದಲೇ ನನಗೆ ಉತ್ತರ ಗೊತ್ತಿರುತ್ತದೆ, ಅದೂ ಕೆಲವೇ ಮೀಟರುಗಳ ನಿಖರತೆಯಲ್ಲಿ. ಆ ಪ್ರಶ್ನೆ ಹೋದದ್ದರ ಜೊತೆಗೆ ಅದರ ಬೆನ್ನಿಗೆ ಬರುತ್ತಿದ್ದ ಮಾತೂ ಹೋಯಿತು.

ಓದುವಾಗ ಸಿಕ್ಕ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಜಿಪಿಎಸ್ ಅಮೆರಿಕದ ಸೇನೆ ಕಟ್ಟಿದ ವ್ಯವಸ್ಥೆ. 2000ದ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ಸಿಗುತ್ತಿದ್ದ ಸಂಕೇತವನ್ನು ಅವರು ಬೇಕೆಂದೇ ಮಸುಕುಗೊಳಿಸಿ ಕೊಡುತ್ತಿದ್ದರು, ತೋರಿಸಿದ ಜಾಗ ನೂರು ಮೀಟರಿನವರೆಗೂ ಆಚೀಚೆ ಇರುತ್ತಿತ್ತು. ಅವರ ಕಾರಣ ಯುದ್ಧದ್ದು. ಆದರೂ, ಬೆಳೆದ ಮಗಳ ವಿಷಯದಲ್ಲಿ ತಂದೆಗೆ ತಿಳಿದಿರಬೇಕಾದದ್ದು ಅಂಥ ಮಸುಕು ಸಂಕೇತದಷ್ಟೇ ಎಂದು ನನಗನ್ನಿಸಿತು. ಯಾವ ಊರಿನ ಕಡೆ ಹೊರಟಿದ್ದೀಯೆ, ಎಂದು ಹಿಂದಿರುಗುತ್ತೀಯೆ ಎಂಬುದು ಗೊತ್ತಿದ್ದರೆ ಸಾಕು, ಯಾವ ಬೀದಿಯ ಯಾವ ಬದಿಯಲ್ಲಿ ನಿಂತಿದ್ದೀಯೆ ಎಂಬುದು ನಿನಗೇ ಇರಲಿ.

ಆದ್ದರಿಂದ ಮುಂದಿನ ತಿಂಗಳ ಪ್ರಯಾಣಕ್ಕೆ ಹೊರಡುವಾಗ ನನಗೆ ಲೊಕೇಶನ್ ಕಳಿಸಬೇಡ. ಏನಾದರೂ ತೊಂದರೆಯಾದರೆ ಆ ಕ್ಷಣವೇ ಕಳಿಸು, ಅಷ್ಟು ದಡ್ಡನಲ್ಲ ನಾನು. ಈ ಒಪ್ಪಂದಕ್ಕೆ ನಿನ್ನ ಅಮ್ಮ ಸಹಿ ಹಾಕಿಲ್ಲ. ಅಂದು ನಿಶ್ಚಿಂತೆಯಿಂದ ಮಗ್ಗುಲಾದವಳೇ ಈಗ 'ನನಗೆ ಕಳಿಸಲಿ' ಎನ್ನುತ್ತಿದ್ದಾಳೆ. ಅದು ನಿಮ್ಮಿಬ್ಬರಿಗೆ ಬಿಟ್ಟದ್ದು.

ಒಂದನ್ನು ಮಾತ್ರ ಕೇಳದೆ ಬಿಟ್ಟಿದ್ದೇನೆ. ಆ ಕಾಡಿನ ದಾರಿಯಲ್ಲಿ ನೀನು ನಿಜವಾಗಿಯೂ ನಿದ್ದೆ ಮಾಡುತ್ತಿದ್ದೆಯಾ, ಅಥವಾ ಎಚ್ಚರವಿದ್ದೆಯಾ? ಎಚ್ಚರವಿದ್ದಿದ್ದರೆ ಕಿಟಕಿಯಾಚೆ ಏನು ಕಂಡಿತೆಂದು ಬಿಡುವು ಮಾಡಿಕೊಂಡು ಬರೆ.

ಇತಿ,
ನಿನ್ನ ಅಪ್ಪ